ನಿಮಗಿದು ಗೊತ್ತೆ? ಬಿಯರ್ ಕಾರ್ಖಾನೆ ಕೊಟ್ಟ ಸೂತ್ರ

● ಇಡೀ ರಾಶಿಯಲ್ಲಿ ಏರುಪೇರು ಎಷ್ಟಿದೆ ಎಂಬುದು ಗೊತ್ತಿಲ್ಲ, ಕೈಯಲ್ಲಿರುವುದು ನಾಲ್ಕೈದು ಮಾದರಿ ಮಾತ್ರ. ಆಗಲೂ ರಾಶಿಯ ಸರಾಸರಿಯನ್ನು ನಂಬಿಕೆಯಿಂದ ಅಂದಾಜಿಸುವ ದಾರಿ ತೋರಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ವಿಲಿಯಂ ಸೀಲಿ ಗಾಸೆಟ್.

● ಬಾರ್ಲಿಯಂಥ ಕಚ್ಚಾವಸ್ತುಗಳ ಪರೀಕ್ಷೆಯಲ್ಲಿ ಅವರಿಗೆ ಸಿಗುತ್ತಿದ್ದುದು ಬೆರಳೆಣಿಕೆಯ ಮಾದರಿಗಳು. ಅಷ್ಟರಿಂದಲೇ ಲೆಕ್ಕಹಾಕಿದ ಏರುಪೇರನ್ನು ನಿಖರವೆಂದು ನಂಬಿದರೆ ಅಂದಾಜು ಹಾದಿ ತಪ್ಪುತ್ತಿತ್ತು.

● ಈ ತಪ್ಪನ್ನು ಸರಿದೂಗಿಸುವ ತಮ್ಮ ಸೂತ್ರವನ್ನು ಪರೀಕ್ಷಿಸಲು ಗಾಸೆಟ್ 3,000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಅಳತೆಗಳನ್ನು ರಟ್ಟಿನ ಚೀಟಿಗಳಲ್ಲಿ ಬರೆದು, ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು.

● ಫಲಿತಾಂಶ 1908ರಲ್ಲಿ ‘ಬಯೋಮೆಟ್ರಿಕಾ’ ನಿಯತಕಾಲಿಕದಲ್ಲಿ ಬಂತು. ಸಿಬ್ಬಂದಿ ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿಯ ಒಪ್ಪಿಗೆ ಇರಲಿಲ್ಲ. ಹಾಗಾಗಿ ‘ಸ್ಟೂಡೆಂಟ್’ ಎಂಬ ಗುಪ್ತನಾಮ! ಇಂದಿಗೂ ಆ ಸೂತ್ರದ ಹೆಸರು ‘ಸ್ಟೂಡೆಂಟ್ ಟಿ’ ವಿತರಣೆ.

● ಏರುಪೇರು ಮೊದಲೇ ಗೊತ್ತಿದ್ದರೆ ಶೇ 95ರ ವಿಶ್ವಾಸಕ್ಕೆ ಸರಾಸರಿಯ ಅತ್ತಿತ್ತ ಪ್ರಮಾಣ ದೋಷದ (ಮಾದರಿ ಸರಾಸರಿ ಎಷ್ಟು ಏರುಪೇರಾಗಬಹುದು ಎಂಬ ಅಳತೆ) 1.96 ಪಟ್ಟು ಅಂತರ ಸಾಕು. ಗೊತ್ತಿಲ್ಲದೆ 5 ಮಾದರಿಯಷ್ಟೇ ಇದ್ದರೆ 2.78 ಪಟ್ಟು ಬೇಕು. 30 ಇದ್ದರೆ 2.05. ಮಾದರಿ ಹೆಚ್ಚಿದಷ್ಟೂ ಅಜ್ಞಾನಕ್ಕೆ ತೆರುವ ದಂಡ ಕಡಿಮೆ.