‘ಗೋಚರತೆ’: ಅರ್ಥ, ಮೂಲ ಮತ್ತು ಪಟ್ಟದಕಲ್ಲಿನ ಒಂದು ಕಂಬ

ಇಂಗ್ಲಿಶಿನ ‘ವಿಸಿಬಿಲಿಟಿ’ಗೆ ಇಂದಿನ ಬರಹದ ಕನ್ನಡವು ‘ಗೋಚರತೆ’ಯನ್ನು ಬಳಸುತ್ತದೆ. ಹವಾಮಾನ ವರದಿಯಿಂದ ಭಾಷಾನೀತಿಯ ಚರ್ಚೆಯವರೆಗೆ ಈ ಪದ ಹರಡಿದೆ. ಇವೆರಡೂ ಒಂದೇ ಅರ್ಥವನ್ನು ಒಂದೇ ಬಗೆಯಲ್ಲಿ ಕಟ್ಟುತ್ತವೆಯೇ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

‘ವಿಸಿಬಿಲಿಟಿ’ಯ ಮೂಲ, ‘ನೋಡು’ ಎಂಬರ್ಥದ ಲ್ಯಾಟಿನ್ ಧಾತು ‘ವಿದೇರೆ’. ಅದಕ್ಕೆ ಶಕ್ಯತೆಯನ್ನು ಸೂಚಿಸುವ ಪ್ರತ್ಯಯ ಸೇರಿ, ಕಾಣಿಸುವುದು ವಸ್ತುವಿನ ಗುಣವಾಗುತ್ತದೆ. ಸಂಸ್ಕೃತದ ‘ಗೋಚರ’ವಾದರೋ ದನಗಳು ಸಂಚರಿಸಿ ಮೇಯುವ ನೆಲ; ಅಲ್ಲಿಂದ ‘ವ್ಯಾಪ್ತಿ’, ಮುಂದೆ ‘ಇಂದ್ರಿಯಗಳಿಗೆ ಎಟಕುವ ವಿಷಯ’ ಎಂದು ಅರ್ಥ ವಿಸ್ತರಿಸಿತು. ಇಲ್ಲಿ ಪ್ರಧಾನವಾದುದು ನೋಡುವವರ ಎಲ್ಲೆ. ದ್ರಾವಿಡ ಧಾತು ‘ಕಾಣ್’ ಕನ್ನಡದಲ್ಲಿ ಎರಡೂ ದಿಕ್ಕಿಗೆ ನಡೆಯುತ್ತದೆ:

(1) ನಾನು ಗುಡಿಯನ್ನು ಕಂಡೆನು.
(2) ನನಗೆ ಗುಡಿ ಕಾಣುತ್ತದೆ.
(3) ನನಗೆ ಗುಡಿ ಗೋಚರಿಸುತ್ತದೆ.
(4) ಗುಡಿಯ ಗೋಚರತೆ

(1)ರಲ್ಲಿ ಅನುಭವಿ ಪ್ರಥಮೆಯಲ್ಲಿದೆ; (2) ಮತ್ತು (3)ರಲ್ಲಿ ಚತುರ್ಥಿಯಲ್ಲಿದೆ. ‘ನನಗೆ’ ಎಂಬುದನ್ನು ಬಿಟ್ಟರೂ ಅದು ಅಧ್ಯಾಹಾರವಾಗಿ ಉಳಿಯುತ್ತದೆ, ಬೇಕಾದಾಗ ಮರಳಿ ಬರುತ್ತದೆ. (4)ರಲ್ಲಿ ಷಷ್ಠಿಯ ಸ್ಥಾನ ವಸ್ತುವಿಗೆ ಸಲ್ಲುತ್ತದೆ. ‘ನನಗೆ ಗುಡಿಯ ಗೋಚರತೆ’ ಎಂಬ ಪ್ರಯೋಗ ಸಹಜವಲ್ಲ. ಎಂದರೆ, ‘-ತೆ’ ಪ್ರತ್ಯಯದೊಂದಿಗೆ ನೋಡುವವರು ವಾಕ್ಯರಚನೆಯಿಂದಲೇ ಮರೆಯಾಗುತ್ತಾರೆ. ವ್ಯುತ್ಪತ್ತಿಯಲ್ಲಿ ಭಿನ್ನವಾದ ‘ಗೋಚರತೆ’ ಬಳಕೆಯಲ್ಲಿ ‘ವಿಸಿಬಿಲಿಟಿ’ಯನ್ನು ಹೋಲುವುದು ಈ ಕಾರಣದಿಂದ.

ಈ ಲೋಪದ ಪರಿಣಾಮವನ್ನು ಪಟ್ಟದಕಲ್ಲು ಸ್ಪಷ್ಟಪಡಿಸುತ್ತದೆ. ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ, ಕ್ರಿ.ಶ. 754ರ ಕಂಬದ ಮೇಲೆ ಒಂದೇ ಸಂಸ್ಕೃತ ಶಾಸನವನ್ನು ಎರಡು ಲಿಪಿಗಳಲ್ಲಿ ಕೊರೆಯಲಾಗಿದೆ: ಒಂದು ಉತ್ತರದ ಸಿದ್ಧಮಾತೃಕೆ, ಇನ್ನೊಂದು ಅಂದಿನ ಕನ್ನಡ-ತೆಲುಗು ಲಿಪಿ. ಕಂಬವನ್ನು ನಿಲ್ಲಿಸಿದ ಜ್ಞಾನಶಿವಾಚಾರ್ಯನು ಗಂಗೆಯ ಉತ್ತರ ದಡದ ನಾಡಿನಿಂದ ಬಂದವನು. ಕಣ್ಣಿಗೆ ಎರಡೂ ಪಾಠಗಳು ಸಮಾನವಾಗಿ ಗೋಚರ, ಓದಿಗೆ ಹಾಗಲ್ಲ. ಒಂದೇ ಮಾತನ್ನು ಎರಡು ಬಾರಿ ಕೊರೆದುದರಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಅಡಗಿದೆ. ಲಿಪಿಶಾಸ್ತ್ರದ ಅಭ್ಯಾಸವಿಲ್ಲದ ಇಂದಿನ ಕನ್ನಡಿಗರಿಗೆ ಎರಡೂ ಕಾಣುತ್ತವೆ, ಎರಡೂ ತಿಳಿಯುವುದಿಲ್ಲ.

ಭಾಷಾನೀತಿಯಲ್ಲಿಯೂ ಇದೇ ಪ್ರಶ್ನೆ ಉಳಿದಿದೆ. ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ಕರ್ನಾಟಕದ 2024ರ ಕಾನೂನು ತಿದ್ದುಪಡಿಯು ಗೋಚರತೆಯನ್ನು ಫಲಕದ ಗುಣವಾಗಿ ಅಳೆಯುತ್ತದೆ. ಆ ಅಳತೆ ಅಗತ್ಯವೇ; ಆದರೆ ಓದುವವರನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳಲಾರದು. ಆದುದರಿಂದ ಭಾಷೆಯ ‘ಗೋಚರತೆ’ಯನ್ನು ಪಾರಿಭಾಷಿಕವಾಗಿ ಬಳಸುವಾಗ, ಪದವು ಕಳೆದುಕೊಂಡ ಚತುರ್ಥಿಯನ್ನು ವಿಶ್ಲೇಷಣೆಯಲ್ಲಿ ಮರಳಿ ತುಂಬಬೇಕೆಂದು ನಾವು ಭಾವಿಸುತ್ತೇವೆ.