ಸಾಲಕ್ಕೆ ಸಂಘ ಉಂಟು, ಕಾಯಿಲೆಗೆ?

ರೋಣದ ಎರೆಭೂಮಿಯಲ್ಲಿ ಹಿಂಗಾರಿನ ಕಡಲೆ, ಬಿಳಿಜೋಳ ಕೈಗೆ ಬಂದ ವರ್ಷ ರೈತನ ಮನೆಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಬಾರದ ವರ್ಷ ಸಾಲ ಅನಿವಾರ್ಯ. ಆದರೆ ಬೆಳೆ ಚೆನ್ನಾಗಿ ಬಂದ ವರ್ಷವೇ ಮನೆಯ ಹಿರಿಯರೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ? ಕಡಲೆಯ ಹಣವೆಲ್ಲ ದವಾಖಾನೆಯ ಕೌಂಟರಿನಲ್ಲಿಯೇ ಕರಗಿಹೋಗುತ್ತದೆ. ಅದೂ ಸಾಲದಿದ್ದರೆ ಹೊಲದ ಕಾಗದಪತ್ರ ಹೊರಗೆ ಬರುತ್ತವೆ.

ಮಳೆಯಂತೆ ಕಾಯಿಲೆಯೂ ಹೇಳಿ ಬರುವುದಿಲ್ಲ. ಆದರೆ ಇವೆರಡರಲ್ಲಿ ಒಂದು ವ್ಯತ್ಯಾಸ ಉಂಟು. ಮಳೆ ಕೈಕೊಟ್ಟರೆ ಊರಿಗೆಲ್ಲ ಕೈಕೊಡುತ್ತದೆ. ದೊಡ್ಡ ಕಾಯಿಲೆ ಊರಿನಲ್ಲಿ ಒಂದೋ ಎರಡೋ ಮನೆಗಳ ಮೇಲೆ ಮಾತ್ರ ಎರಗುತ್ತದೆ. ಉಳಿದ ಮನೆಗಳು ಸ್ವಲ್ಪ ಸ್ವಲ್ಪ ಹಾಕಿದರೆ ಆ ಒಂದು ಮನೆ ಉಳಿಯುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಮಾತಿನ ಅರ್ಥವೂ ಇದೇ. ಜಗತ್ತಿನ ಬೇರೆ ಬೇರೆ ದೇಶಗಳ ಆರೋಗ್ಯ ವ್ಯವಸ್ಥೆಗಳು ಈ ಹನಿಗಳನ್ನು ಯಾರಿಂದ, ಯಾವಾಗ, ಹೇಗೆ ಕೂಡಿಸಬೇಕು ಎಂಬ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಕಣಗಿನಹಾಳದಿಂದ ಜರ್ಮನಿಗೆ

ಹೀಗೆ ಕೂಡಿಸುವ ಪಾಠ ಗದಗ ಸೀಮೆಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅದಕ್ಕೆ ದಾರಿ ಮಾಡಿದ್ದು ಹಿಂದಿನ ವರ್ಷ, ಅಂದರೆ 1904ರಲ್ಲಿ ಬ್ರಿಟಿಷ್ ಸರ್ಕಾರ ತಂದ ಕಾಯ್ದೆ. ಆ ಕಾಯ್ದೆಯ ಹಿಂದಿದ್ದ ಮಾದರಿಯಾದರೋ ಜರ್ಮನಿಯ ರೈಫೈಸನ್ ಎಂಬಾತ ಹಳ್ಳಿಗಳಲ್ಲಿ ಕಟ್ಟಿದ ಸಾಲದ ಸಂಘಗಳದು.

ಅದೇ ಜರ್ಮನಿ ಅದೇ ಕಾಲದಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿತ್ತು. ಚಾನ್ಸಲರ್ ಬಿಸ್ಮಾರ್ಕ್ 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆ ವಿಮೆಯನ್ನು ಜಾರಿಗೆ ತಂದ. ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಹಣ ಸೇರುತ್ತಿದ್ದುದು ಸರ್ಕಾರದ ಖಜಾನೆಗಲ್ಲ, ಸದಸ್ಯರೇ ಆಡಳಿತದಲ್ಲಿ ಪಾಲುಗೊಳ್ಳುವ ಕಾಯಿಲೆ ನಿಧಿಗಳಿಗೆ. ಫ್ರಾನ್ಸ್, ಜಪಾನ್ ಮೊದಲಾದ ದೇಶಗಳು ಮುಂದೆ ಇದೇ ದಾರಿ ಹಿಡಿದವು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಸಂಬಳದಲ್ಲಿ ವಂತಿಗೆ ಮುರಿದುಕೊಳ್ಳುವ ವ್ಯವಸ್ಥೆಯಲ್ಲಿ ಸಂಬಳವಿಲ್ಲದವನು ಹೊರಗುಳಿಯುತ್ತಾನೆ. ಜರ್ಮನಿಯಲ್ಲಿಯೇ ಸ್ವಂತ ಹೊಲದ ರೈತರಿಗೆ ಕಡ್ಡಾಯ ವಿಮೆ ದೊರೆತದ್ದು 1972ರಲ್ಲಿ, ಸುಮಾರು ತೊಂಬತ್ತು ವರ್ಷಗಳ ನಂತರ.

ತೆರಿಗೆಯ ದಾರಿ

ಇಂಗ್ಲೆಂಡ್ ಹಿಡಿದದ್ದು ಬೇರೆ ಮಾರ್ಗ. ಬೆವರಿಜ್ ವರದಿ 1942ರಲ್ಲಿ ಬಂತು. ಅದರ ಬೆನ್ನಿಗೆ, 1948ರ ಜುಲೈ 5ರಂದು, ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅಲ್ಲಿ ಖರ್ಚಿನ ಬಹುಪಾಲು ತೆರಿಗೆಯದು; ಆಸ್ಪತ್ರೆಗಳು ಸಾರ್ವಜನಿಕ; ರೋಗಿ ಬಾಗಿಲಲ್ಲಿ ಹಣ ಎಣಿಸಬೇಕಿಲ್ಲ. ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಸರದಿ ಕಾಯಬೇಕೆಂಬುದು ಆ ವ್ಯವಸ್ಥೆಯ ಮೇಲಿರುವ ದೂರು.

ಭಾರತದಲ್ಲಿ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಇದೇ ಬಗೆಯ ಕನಸು ಕಂಡಿತು. ಕೊಡುವ ಶಕ್ತಿ ಇಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ತಿರುಳು. ಇಂದಿನ ಸರ್ಕಾರಿ ದವಾಖಾನೆಗಳ ಏಣಿ ಆ ವರದಿಯ ಕೂಸು. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ ಎಂಬುದು ಲೆಕ್ಕ. ಮೇಲೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ.

ತೆರಿಗೆಯ ಮಾತು ಬಂದಾಗ ನರಗುಂದ ನೆನಪಾಗಲೇಬೇಕು. ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಅಲ್ಲಿ ಗೋಲಿಬಾರ್ ನಡೆಯಿತು. ಪ್ರಯೋಜನ ಕಾಣುವ ಮುನ್ನವೇ ಕರ ಕೇಳಿದರೆ ಜನ ಕೊಡಲಾರರು ಎಂಬುದು ಆ ಬಂಡಾಯದ ಪಾಠ. ಆರೋಗ್ಯಕ್ಕೂ ಇದೇ ಅನ್ವಯ. ಸರ್ಕಾರಿ ದವಾಖಾನೆಯ ಮೇಲೆ ಭರವಸೆ ಇದ್ದರೆ ಮಾತ್ರ ಅದಕ್ಕಾಗಿ ತೆರಿಗೆ ಹೆಚ್ಚಿಸಿರೆಂದು ಜನರೇ ಒತ್ತಾಯಿಸುತ್ತಾರೆ.

ಗೋಧಿ ನಾಡಿನ ರೈತರು

ಕೆನಡಾದ ಕಥೆ ನಮ್ಮ ಮಳೆಯಾಶ್ರಿತ ಸೀಮೆಗೆ ಹೆಚ್ಚು ಹತ್ತಿರದ್ದು. ಅಲ್ಲಿನ ಸಸ್ಕಾಚೆವಾನ್ ಪ್ರಾಂತ ಗೋಧಿ ಬೆಳೆಯುವ ವಿಶಾಲ ಬಯಲು. ಹಳ್ಳಿಗಳು ದೂರದೂರ, ವೈದ್ಯರು ಬಂದರೂ ಆದಾಯ ಸಾಲದೆ ಊರು ಬಿಡುತ್ತಿದ್ದರು. 1914ರಲ್ಲಿ ಸಾರ್ನಿಯಾ ಎಂಬ ಗ್ರಾಮೀಣ ಆಡಳಿತವು ಊರಿನ ಹಣದಿಂದಲೇ ವೈದ್ಯರಿಗೆ ವರ್ಷದ ಸಂಬಳ ಗೊತ್ತುಮಾಡಿ ಉಳಿಸಿಕೊಂಡಿತು. ಬೇರೆ ಊರುಗಳೂ ಅದನ್ನು ಅನುಸರಿಸಿದವು. ಪ್ರಾಂತ ಸರ್ಕಾರ 1947ರಲ್ಲಿ ಎಲ್ಲರಿಗೂ ಆಸ್ಪತ್ರೆ ವಿಮೆ ತಂದಿತು. 1962ರಲ್ಲಿ ವೈದ್ಯರ ಮುಷ್ಕರವನ್ನು ಎದುರಿಸಿಯೂ ವೈದ್ಯರ ಸೇವೆಯನ್ನು ಅದಕ್ಕೆ ಸೇರಿಸಿತು. ಕ್ರಮೇಣ ಇಡೀ ದೇಶ ಆ ದಾರಿಗೆ ಬಂತು. ಅಲ್ಲಿ ವಿಮೆ ಸರ್ಕಾರದ್ದು, ವೈದ್ಯರು ಬಹುಮಟ್ಟಿಗೆ ಖಾಸಗಿಯವರು.

ಇದಕ್ಕೆ ವ್ಯತಿರಿಕ್ತ ಅಮೆರಿಕ. ಅಲ್ಲಿ ಹೆಚ್ಚಿನವರ ವಿಮೆ ನೌಕರಿಗೆ ಅಂಟಿಕೊಂಡದ್ದು. ವೃದ್ಧರಿಗೆ, ಬಡವರಿಗೆ 1965ರಿಂದ ಸರ್ಕಾರದ ವಿಮೆ ಉಂಟು. ರಾಷ್ಟ್ರೀಯ ಉತ್ಪನ್ನದ ಶೇಕಡಾ 17ಕ್ಕೂ ಹೆಚ್ಚನ್ನು ಆರೋಗ್ಯಕ್ಕೆ ಸುರಿಯುವ ಆ ದೇಶದಲ್ಲಿ 2023ರಲ್ಲಿಯೂ ಸುಮಾರು 2.6 ಕೋಟಿ ಜನ ವಿಮೆಯಿಲ್ಲದೆ ಇದ್ದರು. ಹಣ ಹೆಚ್ಚಿದ್ದ ಮಾತ್ರಕ್ಕೆ ಎಲ್ಲರೂ ಚಾವಣಿಯ ಕೆಳಗೆ ಬರುವುದಿಲ್ಲ.

ನಮ್ಮಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ

ನಮ್ಮದು ಯಾವ ಮಾದರಿ? ಒಂದೇ ಬೀದಿಯಲ್ಲಿ ಎಲ್ಲವೂ ಸಿಗುತ್ತವೆ. ಕಾರ್ಖಾನೆಯ ಕಾರ್ಮಿಕನಿಗೆ 1948ರ ಕಾಯ್ದೆಯ ಇ.ಎಸ್.ಐ. ಉಂಟು. 2019ರಿಂದ ಅದರ ವಂತಿಗೆ ಕಾರ್ಮಿಕನ ಕೂಲಿಯ ಶೇಕಡಾ 0.75, ಮಾಲೀಕನದು ಶೇಕಡಾ 3.25. ಇದು ಬಿಸ್ಮಾರ್ಕನ ದಾರಿ. ಆದರೆ ಮನೆಯಲ್ಲಿಯೇ ಮಗ್ಗ ಹೂಡಿದ ಗಜೇಂದ್ರಗಡದ ನೇಕಾರನಿಗೆ ಮಾಲೀಕನ ಪಾಲು ಕೊಡುವವರಾರು? ರೋಣದ ಕೂಲಿಕಾರಳಿಗೆ ಯಾರು? ಸರ್ಕಾರಿ ದವಾಖಾನೆ ಬೆವರಿಜ್‌ನ ದಾರಿ. ಪಕ್ಕದ ಔಷಧಿ ಅಂಗಡಿ ಯಾವ ದಾರಿಯೂ ಅಲ್ಲ, ಅಲ್ಲಿ ಜೇಬೇ ವಿಮೆ.

ಕರ್ನಾಟಕ ತನ್ನದೇ ಒಂದು ದಾರಿಯನ್ನೂ ತೆರೆಯಿತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ಸದಸ್ಯ ರೈತ ಮೊದಲಿಗೆ ವರ್ಷಕ್ಕೆ ಕಟ್ಟಬೇಕಾದದ್ದು ಕೇವಲ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಜರ್ಮನಿಯ ಎರಡು ವಿಚಾರಗಳು, ಸಾಲದ ಸಂಘ ಮತ್ತು ಕಾಯಿಲೆ ನಿಧಿ, ಕಣಗಿನಹಾಳದ ಸಂಘ ಹುಟ್ಟಿದ ಸುಮಾರು ನೂರು ವರ್ಷಗಳ ಬಳಿಕ ಹೀಗೆ ಒಂದೇ ಕಡೆ ಕೂಡಿದವು. 2018ರಲ್ಲಿ ಅದು ನಿಂತಿತು. ಅದೇ ವರ್ಷ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಒದಗಿಸುತ್ತದೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು ಭರಿಸುತ್ತದೆ. 2022ರ ಕೊನೆಗೆ ಯಶಸ್ವಿನಿಗೆ ಮರುಜೀವ ಬಂತು. ಹೊಸ ವಂತಿಗೆ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು ಗೊತ್ತಾಯಿತು.

ಬಿಟ್ಟುಹೋದ ಹಳ್ಳ

ಆದರೂ ಒಂದು ಕೊರತೆ ಉಳಿದಿದೆ. ಈ ಯೋಜನೆಗಳ ಕಣ್ಣು ದೊಡ್ಡ ಶಸ್ತ್ರಚಿಕಿತ್ಸೆಯ ಮೇಲೆ, ಆಸ್ಪತ್ರೆಯ ಹಾಸಿಗೆಯ ಮೇಲೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಖರ್ಚು ಹಾಗಲ್ಲ. ಅದು ತಿಂಗಳು ತಿಂಗಳು ಸೋರುವ ಬಿಂದಿಗೆ. ಹತ್ತಿರದ ಕೇಂದ್ರದಲ್ಲಿ ಮಾತ್ರೆ ಮುಗಿದ ದಿನ, ವೈದ್ಯರಿಲ್ಲದ ದಿನ ರೋಗಿ ಅಂಗಡಿಗೆ ಹೋಗುತ್ತಾನೆ, ಇಲ್ಲವೆ ಮಾತ್ರೆಯನ್ನೇ ಬಿಡುತ್ತಾನೆ. ಬಿಟ್ಟವನು ಕೆಲವು ವರ್ಷಗಳ ನಂತರ ಲಕ್ವ ಹೊಡೆಸಿಕೊಂಡು, ಇಲ್ಲವೆ ಮೂತ್ರಪಿಂಡ ಕೆಡಿಸಿಕೊಂಡು ಗದಗಿಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ.

ಥಾಯ್ಲೆಂಡ್ ಇದನ್ನು ತಿರುವುಮುರುವು ಮಾಡಿ ನೋಡಿತು. 2002ರ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿದ ಅದರ ಯೋಜನೆಯಲ್ಲಿ ಪ್ರತಿ ಭೇಟಿಗೆ 30 ಬಾಟ್ ಕೊಟ್ಟರೆ ಸಾಕಿತ್ತು. ನಮ್ಮ ತಾಲ್ಲೂಕು ಆಸ್ಪತ್ರೆಯಂಥ ಆಸ್ಪತ್ರೆಗೆ, ಅಲ್ಲಿ ಹೆಸರು ನೋಂದಾಯಿಸಿದ ಪ್ರತಿ ತಲೆಗೆ ಇಷ್ಟೆಂದು ಸರ್ಕಾರ ಮೊದಲೇ ಹಣ ಕೊಡುತ್ತದೆ. ಜನ ಆರೋಗ್ಯವಾಗಿದ್ದಷ್ಟೂ ಆಸ್ಪತ್ರೆಗೆ ಹಣ ಉಳಿಯುತ್ತದೆ. ಹೀಗಾಗಿ ಸಣ್ಣ ಕಾಯಿಲೆಯನ್ನು ಸಣ್ಣದಿರುವಾಗಲೇ ಹಿಡಿಯುವುದು ಆಸ್ಪತ್ರೆಗೇ ಲಾಭ.

ಭಾರತದಲ್ಲಿ ಆರೋಗ್ಯದ ಒಟ್ಟು ಖರ್ಚಿನಲ್ಲಿ ಜನ ಜೇಬಿನಿಂದ ನೇರವಾಗಿ ಕೊಡುವ ಪಾಲು 2013-14ರಲ್ಲಿ ಶೇಕಡಾ 64ರಷ್ಟಿತ್ತು. 2021-22ಕ್ಕೆ ಅದು ಶೇಕಡಾ 39ಕ್ಕೆ ಇಳಿಯಿತೆಂದು ಸರ್ಕಾರಿ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷವೇ. ಆದರೆ ನೂರರಲ್ಲಿ ಮೂವತ್ತೊಂಬತ್ತು ರೂಪಾಯಿ ಈಗಲೂ ಕಾಯಿಲೆ ಬಿದ್ದ ಮೇಲೆ, ಕಾಯಿಲೆ ಬಿದ್ದ ಮನೆಯಿಂದಲೇ ಬರುತ್ತಿದೆ ಎಂಬುದು ಇದರ ಇನ್ನೊಂದು ಮುಖ.

ಬಿತ್ತುವ ಕಾಲಕ್ಕೆ ಸಾಹುಕಾರನ ಮುಂದೆ ಒಬ್ಬೊಬ್ಬನೇ ಕೈಯೊಡ್ಡಿ ನಿಲ್ಲಬಾರದೆಂದು ಕಣಗಿನಹಾಳದ ರೈತರು 1905ರಲ್ಲಿ ಒಂದಾದರು. ದವಾಖಾನೆಯ ಕೌಂಟರಿನ ಮುಂದೆ ಅವರ ಮರಿಮಕ್ಕಳು ಇನ್ನೂ ಅರ್ಧಕ್ಕರ್ಧ ಒಬ್ಬೊಬ್ಬರಾಗಿಯೇ ನಿಂತಿದ್ದಾರೆ.