ಬಾಯಿ ಕಟ್ಟಿದ ಕಡತಗಳು

ಓಲೆಗರಿಯನ್ನು ಗೆದ್ದಲು ತಿನ್ನುವುದುಂಟು. ಕಾಗದವು ತೇವದಿಂದ ಕೆಡುವುದುಂಟು. ಆದರೆ ಒಂದಕ್ಷರವೂ ಅಳಿಯದಿದ್ದರೂ ಬರಹವು ಓದುವವರ ಪಾಲಿಗೆ ಇಲ್ಲದಂತಾಗುವುದು ಗಣಕಯಂತ್ರದ ಕಾಲದ ವಿಪತ್ತು. ಬರೆಯಲು ಬಳಸಿದ ತಂತ್ರಾಂಶವು ಅಂಗಡಿಯಿಂದ ಮರೆಯಾದ ಬಳಿಕ ಅದರಲ್ಲಿ ಬರೆದಿಟ್ಟ ಕಡತಕ್ಕೂ ಬಾಯಿ ಕಟ್ಟಿದಂತಾಗುವುದು.

ಅಮೆರಿಕದ ಮೈಕ್ರೋಪ್ರೊ ಸಂಸ್ಥೆಯ ವರ್ಡ್‌ಸ್ಟಾರ್ ಇದಕ್ಕೆ ತಕ್ಕ ನಿದರ್ಶನವಾಗಿದೆ. 1980ರ ದಶಕದ ಆದಿಯಲ್ಲಿ ಲೇಖಕರೂ ಕಚೇರಿಗಳೂ ಅದನ್ನೇ ನೆಚ್ಚಿದ್ದರು. ಆರ್ಥರ್ ಕ್ಲಾರ್ಕರು ಅದರಲ್ಲಿ ಗ್ರಂಥಗಳನ್ನು ಬರೆದರು. ಡಾಸ್ ವ್ಯವಸ್ಥೆಗಾಗಿ ಅದರ ಕೊನೆಯ ಆವೃತ್ತಿಯು ಹೊರಟದ್ದು 1992ರಲ್ಲಿ.

ಗಣಕಯಂತ್ರವು ಅಕ್ಷರಗಳನ್ನು ಅಂಕೆಗಳಾಗಿ ಇಟ್ಟುಕೊಳ್ಳುವುದಷ್ಟೆ. ಇಂಗ್ಲಿಷಿಗೆ 127ರವರೆಗಿನ ಅಂಕೆಗಳು ಸಾಕಾಗಿದ್ದುದರಿಂದ, ವರ್ಡ್‌ಸ್ಟಾರಿನ ಹಳೆಯ ಆವೃತ್ತಿಗಳು ಪದದ ಕೊನೆಯ ಅಕ್ಷರಕ್ಕೆ 128ನ್ನು ಕೂಡಿಸಿ ಗುರುತಿಡುತ್ತಿದ್ದವು. 'ಇ' ಎಂಬ ಸಣ್ಣಕ್ಷರದ ಅಂಕೆ 101. ಪದದ ಕೊನೆಗೆ ಬಂದಾಗ ಅದು 229. ಈ ಸಂಕೇತವನ್ನರಿಯದ ಇಂದಿನ ತಂತ್ರಾಂಶವು ಪದಪದದ ಬಾಲಕ್ಕೂ ಅಪರಿಚಿತ ಚಿಹ್ನೆಯೊಂದನ್ನು ಅಂಟಿಸಿ ತೋರಿಸುವುದು.

ರೋಗವು ಇಷ್ಟು ಸ್ಪಷ್ಟವಾದಾಗ ಮದ್ದೂ ದುರ್ಲಭವಲ್ಲ. ಬ್ರೌಸರಿನಲ್ಲಿಯೇ ತೆರೆದುಕೊಳ್ಳುವ ವೀಕ್ಷಕವೊಂದು ಆ 128ನ್ನು ಕಳೆದು, ದಪ್ಪಕ್ಷರ, ಅಡಿಗೆರೆ, ಪುಟದ ಮುರಿತ ಮೊದಲಾದ ಹಳೆಯ ಆಜ್ಞೆಗಳನ್ನು ಇಂದಿನ ರೂಪಕ್ಕೆ ತಿರುಗಿಸಿ ತೋರಿಸಬಲ್ಲದು. ಈ ಕೆಲಸವೆಲ್ಲವೂ ಓದುವವರ ಯಂತ್ರದೊಳಗೇ ನಡೆಯಬಹುದಾದ್ದರಿಂದ, ಗೋಪ್ಯವಾದ ಕಡತವನ್ನು ಹೊರಗಿನವರಿಗೆ ಕಳುಹಿಸಬೇಕಾದ ಪ್ರಸಂಗವೂ ಇಲ್ಲ. ವೀಕ್ಷಕವು ಓದುವುದೇ ಹೊರತು ತಿದ್ದುವುದಿಲ್ಲ; ಮೂಲವು ಇದ್ದಂತೆಯೇ ಉಳಿಯುವುದು. 2014ರಲ್ಲಿ ಆರಂಭವಾದ ಡಾಕ್ಯುಮೆಂಟ್ ಲಿಬರೇಶನ್ ಪ್ರಾಜೆಕ್ಟಿನವರು ಇಂಥ ಅನೇಕ ಹಳೆಯ ಕಡತರೂಪಗಳನ್ನು ಓದುವ ಸಾಧನಗಳನ್ನು ಯಾರು ಬೇಕಾದರೂ ಬಳಸುವಂತೆ ಸಿದ್ಧಪಡಿಸಿದ್ದಾರೆ.

ಇದು ಪರದೇಶದವರ ಚಿಂತೆಯೆಂದು ನಮ್ಮ ವಾಚಕರು ಸುಮ್ಮನಿರಲಾಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ, ಅನಂತರ ಬಹುಕಾಲ ನಮ್ಮ ಕಚೇರಿ, ಮುದ್ರಣಾಲಯಗಳಲ್ಲಿ ಕನ್ನಡವನ್ನು ಬರೆದುದು ಬೇರೆ ಬಗೆಯಲ್ಲಿ. ಇಂಗ್ಲಿಷ್ ಅಕ್ಷರಗಳ ಅಂಕೆಗಳ ಮೇಲೆ ಕನ್ನಡದ ತುಂಡಕ್ಷರಗಳನ್ನು ಕೂರಿಸಿದ ಫಾಂಟುಗಳು ಆಗಿನವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಆದೇಶಪತ್ರವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದನ್ನು ನೋಡದ ಗುಮಾಸ್ತರು ವಿರಳ. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಅಂತರ್ಜಾಲದಲ್ಲಿವೆ. ಇಲ್ಲದಿರುವುದು ನಮ್ಮ ಎಚ್ಚರ.

ಇಂಥ ಕಡತಗಳುಳ್ಳ ಕಚೇರಿಗಳವರು ಮೂರು ಕಾರ್ಯಗಳನ್ನು ಮಾಡತಕ್ಕದ್ದು. ಮೊದಲನೆಯದು, ಯಾವ ಕಡತವು ಯಾವ ತಂತ್ರಾಂಶದ್ದು, ಯಾವ ಫಾಂಟಿನದು ಎಂಬ ಪಟ್ಟಿಯನ್ನು, ಬಲ್ಲ ನೌಕರರು ನಿವೃತ್ತರಾಗುವ ಮುನ್ನವೇ ಬರೆಸಿಡುವುದು. ಎರಡನೆಯದು, ಪರಿವರ್ತಿಸಿದ ಪ್ರತಿಯನ್ನು ಕಣ್ಣಾರೆ ಓದಿ, ಹೆಸರು, ಸರ್ವೆ ನಂಬರು, ಮೊಬಲಗುಗಳನ್ನು ತಾಳೆನೋಡುವುದು. ಒಂದು ಒತ್ತಕ್ಷರ ತಪ್ಪಿದರೂ ಊರಿನ ಹೆಸರು ಬೇರೆಯಾದೀತು. ಮೂರನೆಯದು, ಹೊಸ ಪ್ರತಿಯು ಸಿದ್ಧವಾಯಿತೆಂದು ಮೂಲವನ್ನು ಅಳಿಸದಿರುವುದು.

ಜಮೀನಿನ ಹಕ್ಕು, ನೌಕರರ ಸೇವಾಕಾಲ, ಊರಿನ ಚರಿತ್ರೆ ಇವೆಲ್ಲಕ್ಕೂ ಬರಹವೇ ಸಾಕ್ಷಿ. ಲೇಖನಿಯನ್ನು ಮಾರಿದ ವರ್ತಕನು ಅಂಗಡಿ ಮುಚ್ಚಿದನೆಂದು ಸಾಕ್ಷಿಯು ಮೂಕವಾಗಬೇಕೆಂಬ ನ್ಯಾಯ ಎಲ್ಲಿಯೂ ಇಲ್ಲ. ಬಿಡಿಸುವ ದಾರಿಯಿದ್ದೂ ಕಟ್ಟನ್ನು ಹಾಗೆಯೇ ಬಿಟ್ಟರೆ ಆ ದೋಷವು ಯಂತ್ರದ್ದಲ್ಲ, ನಮ್ಮದೇ ಸರಿ.